ನೀಲಿ ಅಂಗಿಯ ಸರದಿ ಕುರಿತು

ಕೊಠಡಿ ಆಡಳಿತ ವಿಭಾಗ
ಮೂರನೇ ಮಹಡಿ, ಹಿಂಭಾಗ, ನೀರಿನ ಟ್ಯಾಂಕಿನ ಪಕ್ಕ

ಸಂಖ್ಯೆ: ಕೊಆವಿ/ಅಂಗಿ/ಸಂದರ್ಶನ/ಪರಿಷ್ಕೃತ-೪
ದಿನಾಂಕ: ಅಂಗಿ ಒಗೆದು ಒಣಗಿದ ದಿನ

ಸುತ್ತೋಲೆ

ವಿಷಯ: ಕಂಪ್ಯೂಟರ್ ಕಂಪನಿಯ ಸಂದರ್ಶನದ ಸುತ್ತುಗಳಿಗೆ ಹಾಜರಾಗುವಾಗ ಕೊಠಡಿಯ ಏಕೈಕ ನೀಲಿ ಅಂಗಿಯನ್ನು ಬಳಸುವ ಬಗ್ಗೆ ಹಾಗೂ ಎಂಟನೇ ಸುತ್ತಿನಲ್ಲಿ ಅದನ್ನು ಯಾರು ತೊಡತಕ್ಕದ್ದು ಎಂಬ ಬಗ್ಗೆ.

ಉಲ್ಲೇಖ:
೧) ಇದೇ ವಿಷಯದ ಮೇಲೆ ಈ ವಿಭಾಗವು ಬಾಗಿಲ ಹಿಂದೆ ಅಂಟಿಸಿದ್ದ ಹಿಂದಿನ ಸುತ್ತೋಲೆ (ಸದ್ಯ ಬಿಸಿ ಪಾತ್ರೆ ಇಳಿಸಲು ಬಳಕೆಯಲ್ಲಿದ್ದು, ಮೂರನೇ ನಿಯಮದವರೆಗೆ ಮಾತ್ರ ಓದಲು ಸಾಧ್ಯ).
೨) ಕಂಪನಿಯ ಮೇಲ್: ‘ಸದ್ಯದಲ್ಲೇ ತಿಳಿಸುತ್ತೇವೆ.’
೩) ಕಂಪನಿಯ ಮೇಲ್: ಸದ್ಯದಲ್ಲೇ ತಿಳಿಸುವುದಾಗಿ ತಿಳಿಸಿದ್ದನ್ನು ನೆನಪಿಸುವ ಬಗ್ಗೆ.
೪) ಸಹಿದಾರರ ಅಕ್ಕ ಫೋನಿನಲ್ಲಿ ನೀಡಿದ ಮೌಖಿಕ ನಿರ್ದೇಶನಗಳು (ಗದರಿದ್ದೂ ಸೇರಿ).

ಪ್ರಸ್ತಾವನೆ:

ಈ ಕೊಠಡಿಯಲ್ಲಿ ಮೂವರು ಗಂಡಸರು ವಾಸವಾಗಿರುವುದು ಸರಿಯಷ್ಟೆ. ಒಬ್ಬರು ಚಪ್ಪಲಿ ಅಂಗಡಿಯ ಸೇಲ್ಸ್‌ಮನ್. ಎದುರು ಬಂದವರ ಮುಖಕ್ಕಿಂತ ಮೊದಲು ಪಾದ ನೋಡಿ ಅಳತೆ ಹೇಳುವುದರಿಂದ ಅವರನ್ನು ‘ಸೈಜು’ ಎಂದು ಕರೆಯಲಾಗುತ್ತದೆ. ಇನ್ನೊಬ್ಬರು ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್. ಹಗಲೆಲ್ಲ ಮಲಗಿರುವ ಇವರು ಯಾವ ಕೆಲಸ ಹೇಳಿದರೂ ‘ನಂಗೆ ಡ್ಯೂಟಿ ಇದೆ’ ಎನ್ನುವುದರಿಂದ ಇವರ ಹೆಸರು ‘ಡ್ಯೂಟಿ’ ಎಂದಾಗಿದೆ. ಮೂರನೆಯವರು ಕೆಳಗೆ ಸಹಿ ಮಾಡಿದವರು (ಮುಂದೆ ‘ಸಹಿದಾರರು’), ಒಂದು ಕಚೇರಿಯ ಟಪಾಲು ಗುಮಾಸ್ತರು. ಬೇರೆಯವರು ಹೊರಡಿಸಿದ ಸುತ್ತೋಲೆಗಳನ್ನು ಮಡಚಿ ಲಕೋಟೆಗೆ ಹಾಕಿ ಗೋಂದು ಹಚ್ಚುವುದು ಅವರ ವೃತ್ತಿ. ಸ್ವಂತ ಸಹಿಯಲ್ಲಿ ಸುತ್ತೋಲೆ ಹೊರಡಿಸುವ ಅಧಿಕಾರ ಅವರಿಗೆ ಈ ಕೊಠಡಿಯಲ್ಲಿ ಮಾತ್ರ ಇದೆ, ಅದೂ ಯಾರೂ ಕೊಟ್ಟದ್ದಲ್ಲ. ಸಕ್ಕರೆ ಡಬ್ಬಿಯಿಂದ ಬಚ್ಚಲ ನಲ್ಲಿಯವರೆಗೆ ಸೂಚನೆ ಅಂಟಿಸುವ ಅಭ್ಯಾಸದಿಂದಾಗಿ ಉಳಿದಿಬ್ಬರು ಅವರನ್ನು ‘ಸರ್ಕ್ಯುಲರ್’ ಎನ್ನುತ್ತಾರೆ. ಇದನ್ನು ಆಕ್ಷೇಪಿಸಿ ಅಂಟಿಸಿದ ಸೂಚನೆಯನ್ನು ಯಾರೂ ಓದಿರುವುದಿಲ್ಲ.

ಸೈಜು ಮತ್ತು ಸಹಿದಾರರು ಸಂಜೆ ತರಗತಿಯಲ್ಲಿ ಒಂದೇ ಬೆಂಚಿನಲ್ಲಿ ಕೂತು, ಸಾಫ್ಟ್‌ವೇರಿನಲ್ಲಿ ದೋಷ ಹುಡುಕುವ ಕೋರ್ಸನ್ನು ಮುಗಿಸಿರುತ್ತಾರೆ. ಇಬ್ಬರೂ ಒಂದೇ ಕಂಪನಿಯಲ್ಲಿ ದೋಷ ಹುಡುಕುವ ಪರೀಕ್ಷಕರ ಹುದ್ದೆಗೆ ಅರ್ಜಿ ಹಾಕಿರುತ್ತಾರೆ. ಹುದ್ದೆ ಒಂದೇ ಇದೆ. ಸಂದರ್ಶನದ ಸುತ್ತುಗಳೆಲ್ಲ ಈ ಕೊಠಡಿಯಿಂದಲೇ, ಲ್ಯಾಪ್‌ಟಾಪಿನ ಪರದೆಯ ಮೂಲಕ ನಡೆಯುತ್ತವೆ. ಸಹಿದಾರರ ಟಪಾಲು ವಿಭಾಗವನ್ನು ವರ್ಷದ ಕೊನೆಗೆ ಮುಚ್ಚಲಾಗುವುದೆಂದು ಕಚೇರಿಯು ಆದೇಶ ಹೊರಡಿಸಿದ್ದು, ಆ ಆದೇಶವನ್ನು ಲಕೋಟೆಗೆ ಹಾಕಿ ಎಲ್ಲರಿಗೂ ರವಾನಿಸಿದವರು ಸಹಿದಾರರೇ. ಗಿರಾಕಿಗಳ ಕಾಲ ಬಳಿ ದಿನವಿಡೀ ಕುಕ್ಕರಗಾಲಿನಲ್ಲಿ ಕೂರುವ ಸೈಜು ಅವರ ಮಂಡಿಗಳು ಮೆಟ್ಟಿಲು ಹತ್ತುವಾಗ ಹಳೇ ಬಾಗಿಲಿನಂತೆ ಸದ್ದು ಮಾಡತೊಡಗಿವೆ. ಆದ್ದರಿಂದ ಕೆಲಸ ಇಬ್ಬರಿಗೂ ಬೇಕಾಗಿದೆ. ಅಂಗಿಯೂ ಒಂದೇ ಇದೆ.

ಈ ಹಿನ್ನೆಲೆಯಲ್ಲಿ ಕೊಠಡಿಯ ಸಮಸ್ತ ನಿವಾಸಿಗಳ ಗಮನಕ್ಕೆ ತರುವುದೇನೆಂದರೆ:

೧. ಅಂಗಿಯ ಒಡೆತನ. ಸದರಿ ಅಂಗಿಯನ್ನು ಸಹಿದಾರರ ಅಕ್ಕ, ವೃತ್ತಿಯಲ್ಲಿ ಟೈಲರ್, ಮೊದಲ ಸುತ್ತಿಗೆ ಕರೆ ಬಂದ ಸಂತೋಷಕ್ಕೆ ತಾವೇ ಹೊಲಿದು ಕಳುಹಿಸಿರುತ್ತಾರೆ. ಅಳತೆಗೆ ತಮ್ಮ ನೆನಪಿನಲ್ಲಿದ್ದ ತಮ್ಮನನ್ನು ಆಧಾರವಾಗಿ ಇಟ್ಟುಕೊಂಡಿದ್ದು, ಆ ತಮ್ಮ ಈಗಿನವರಿಗಿಂತ ಮೈಕೈ ತುಂಬಿಕೊಂಡಿದ್ದ ಕಾರಣ ಅಂಗಿಯು ಸಹಿದಾರರಿಗೆ ದೊಗಲೆಯಾಗಿರುತ್ತದೆ. ಸೈಜು ಅವರಿಗೆ ಭುಜದಲ್ಲಿ ಬಿಗಿಯಾಗಿರುತ್ತದೆ. ಹೀಗೆ ಯಾರಿಗೂ ಸರಿಹೊಂದದ ಏಕೈಕ ಕಾರಣಕ್ಕೆ ಅದನ್ನು ಸಾರ್ವಜನಿಕ ಆಸ್ತಿ ಎಂದು ಘೋಷಿಸಲಾಗಿದೆ.

೨. ಇಸ್ತ್ರಿ. ಕಾಲರ್ ಮತ್ತು ಎದೆಯ ಭಾಗಕ್ಕೆ ಮಾತ್ರ ಇಸ್ತ್ರಿ ಮಾಡತಕ್ಕದ್ದು. ಇದುವರೆಗಿನ ಯಾವ ಸುತ್ತಿನಲ್ಲೂ ಅಭ್ಯರ್ಥಿಯ ಬೆನ್ನು ನೋಡಲು ಕಂಪನಿ ಬಯಸಿರುವುದಿಲ್ಲ. ಮುಂದೆ ಬೆನ್ನು ನೋಡುವ ಸುತ್ತು ಏರ್ಪಟ್ಟಲ್ಲಿ ಈ ನಿಯಮಕ್ಕೆ ತಿದ್ದುಪಡಿ ತರಲಾಗುವುದು.

೩. ಕ್ಲಿಪ್ಪುಗಳು. ಸಹಿದಾರರು ಅಂಗಿ ತೊಟ್ಟಾಗ ದೊಗಲೆ ಕಾಣದಿರಲು ಬೆನ್ನ ಹಿಂದೆ ಬಟ್ಟೆ ಒಣಗಿಸುವ ಕ್ಲಿಪ್ಪುಗಳನ್ನು ಸಿಕ್ಕಿಸಲಾಗುತ್ತದೆ. ಕ್ಲಿಪ್ ಸಿಕ್ಕಿಸಿಕೊಂಡ ಅಭ್ಯರ್ಥಿ ಕುರ್ಚಿಗೆ ಒರಗತಕ್ಕದ್ದಲ್ಲ, ಜೋರಾಗಿ ಉಸಿರು ಎಳೆದುಕೊಳ್ಳತಕ್ಕದ್ದಲ್ಲ, ಆತ್ಮವಿಶ್ವಾಸದಿಂದ ಮುಂದಕ್ಕೆ ಬಾಗತಕ್ಕದ್ದಲ್ಲ. ಮೂರನೇ ಸುತ್ತಿನಲ್ಲಿ ‘ಒತ್ತಡದಲ್ಲಿ ಹೇಗೆ ಕೆಲಸ ಮಾಡುತ್ತೀರಿ?’ ಎಂದು ಕೇಳಲಾಗಿ, ಸಹಿದಾರರು ಆತ್ಮವಿಶ್ವಾಸದಿಂದ ಮುಂದಕ್ಕೆ ಬಾಗಿದ ಕೂಡಲೇ ಒಂದು ಕ್ಲಿಪ್ ಒತ್ತಡ ತಾಳಲಾರದೆ ಸಿಡಿದು, ಹಿಂದೆ ಮಲಗಿದ್ದ ಡ್ಯೂಟಿ ಅವರ ಮೂಗಿಗೆ ತಗುಲಿತು. ಅವರು ತಲೆಯ ಮೇಲಿಂದ ಹೊದಿಕೆ ಹೊದ್ದುಕೊಂಡೇ ಪರದೆಯೊಳಗೆ ಎದ್ದು ನಿಂತರು. ‘ಅವರು ಯಾರು?’ ಎಂದು ಸಂದರ್ಶಕರು ವಿಚಾರಿಸಲಾಗಿ, ಸಹಿದಾರರು ಗಾಬರಿಯಲ್ಲಿ ‘ನಮ್ಮ ಟೀಮು ಸರ್’ ಎಂದು ಉತ್ತರಿಸಿರುತ್ತಾರೆ. ತಂಡದೊಡನೆ ಕೆಲಸ ಮಾಡುವ ಗುಣಕ್ಕೆ ಆ ಸುತ್ತಿನಲ್ಲಿ ಒಳ್ಳೆಯ ಅಂಕ ಬಂದಿರುವುದನ್ನು ಡ್ಯೂಟಿ ಅವರು ಈಗಲೂ ತಮ್ಮ ಉಪಕಾರವೆಂದು ಹೇಳಿಕೊಳ್ಳುತ್ತಾರೆ.

೪. ಗೋಡೆ ಮತ್ತು ಪುಸ್ತಕಗಳು. ಕ್ಯಾಮೆರಾಕ್ಕೆ ಕಾಣುವಷ್ಟು ಗೋಡೆಯನ್ನು ಮಾತ್ರ ಗುಡಿಸಿ ಒರೆಸಲಾಗಿದೆ. ಆ ಗೋಡೆಗೆ ಒರಗಿದ್ದ ಸಾಮಾನುಗಳನ್ನು ಡ್ಯೂಟಿ ಅವರ ಹಾಸಿಗೆಯ ಮೇಲೆ, ಸಾಧ್ಯವಾದಷ್ಟು ಅವರನ್ನು ತಪ್ಪಿಸಿ, ಇಡತಕ್ಕದ್ದು. ಓದುವ ಅಭ್ಯಾಸವಿರುವವರಂತೆ ಕಾಣಲು ಶೆಲ್ಫಿನಲ್ಲಿ ಪುಸ್ತಕ ಜೋಡಿಸುವುದು ಸ್ವಾಗತಾರ್ಹ. ಆದರೆ ಕೊಠಡಿಯಲ್ಲಿ ಇರುವ ದಪ್ಪ ಪುಸ್ತಕಗಳೆಲ್ಲ ಡ್ಯೂಟಿ ಅವರವು. ನಾಲ್ಕನೇ ಸುತ್ತಿನ ಸಂದರ್ಶಕರು ಕಣ್ಣು ಕಿರಿದು ಮಾಡಿ ಓದಿ, ‘ಹೆರಿಗೆ ಮತ್ತು ಆರೈಕೆ’ ಎಂಬ ವಿಷಯದಲ್ಲಿ ಅಭ್ಯರ್ಥಿಗೆ ಆಸಕ್ತಿ ಹೇಗೆ ಬಂತು ಎಂದು ಕೇಳಿದರು. ಅದಕ್ಕೆ ಸಹಿದಾರರು ದೀರ್ಘವಾಗಿ ಉತ್ತರಿಸಿದ್ದೇ ತಪ್ಪು. ಇನ್ನು ಮುಂದೆ ಪುಸ್ತಕಗಳ ಬೆನ್ನನ್ನು ಗೋಡೆಗೆ ತಿರುಗಿಸಿ ಇಡತಕ್ಕದ್ದು.

೫. ‘ನಿಮ್ಮ ಬಗ್ಗೆ ಹೇಳಿ.’ ಪ್ರತಿ ಸುತ್ತಿನಲ್ಲೂ ಹೊಸ ಸಂದರ್ಶಕರು ಬರುವರು. ಹಿಂದಿನವರು ಬರೆದಿಟ್ಟದ್ದನ್ನು ಅವರು ಓದಿರುವುದಿಲ್ಲವಾದ ಕಾರಣ ಪ್ರತಿ ಸುತ್ತೂ ಇದೇ ಪ್ರಶ್ನೆಯಿಂದ ಆರಂಭವಾಗುವುದು. ಮೊದಲ ಸುತ್ತಿನಲ್ಲಿ ಮನುಷ್ಯರೇ ಇರುವುದಿಲ್ಲ. ಪರದೆಯ ಮೇಲೆ ಪ್ರಶ್ನೆ ಮೂಡಿ, ಖಾಲಿ ಪರದೆಗೆ ಉತ್ತರ ಹೇಳಬೇಕಾಗುವುದು. ಅಂಥ ಪರದೆಗೆ ಸಹಿದಾರರು ಎದ್ದು ನಿಂತು ನಮಸ್ಕಾರ ಮಾಡಿದ್ದನ್ನು ಮರುಕಳಿಸತಕ್ಕದ್ದಲ್ಲ. ಈ ಉತ್ತರವನ್ನು ಕೊಠಡಿಯಲ್ಲಿ ಎಷ್ಟು ಬಾರಿ ಅಭ್ಯಾಸ ಮಾಡಲಾಗಿದೆಯೆಂದರೆ, ಡ್ಯೂಟಿ ಅವರು ಆಸ್ಪತ್ರೆಯಲ್ಲಿ ಹೊಸ ಡಾಕ್ಟರಿಗೆ ತಮ್ಮ ಪರಿಚಯ ಹೇಳಿಕೊಳ್ಳುವಾಗ, ‘ನಾನು ಚಿಕ್ಕಂದಿನಿಂದಲೂ ದೋಷಗಳನ್ನು ಹುಡುಕುವುದರಲ್ಲಿ ಆಸಕ್ತಿ ಉಳ್ಳವನು’ ಎಂದು ಶುರು ಮಾಡಿ, ಆ ಡಾಕ್ಟರು ಅಂದಿನಿಂದ ಅವರೊಡನೆ ಮಾತು ಕಡಿಮೆ ಮಾಡಿದ್ದಾರೆಂದು ದೂರು ಬಂದಿದೆ. ದೂರನ್ನು ಸ್ವೀಕರಿಸಲಾಗಿದೆ. ಕ್ರಮ ಕೈಗೊಳ್ಳಲು ಏನೂ ತೋಚುತ್ತಿಲ್ಲ.

೬. ಮನೆಗೆಲಸದ ಸುತ್ತು. ಕಂಪನಿಯು ತನ್ನದೇ ಒಂದು ಆ್ಯಪ್ ಕಳುಹಿಸಿ, ರಜಾ ದಿನಗಳಲ್ಲಿ ಅದರ ದೋಷಗಳನ್ನು ಹುಡುಕಿ ಬರೆದು ಕಳುಹಿಸಲು ಎರಡನೇ ಸುತ್ತಿನಲ್ಲಿ ಸೂಚಿಸಿತ್ತು. ಸೈಜು ಅವರು ಮಧ್ಯಾಹ್ನದೊಳಗೆ ಕೆಲವು ದೋಷ ಹುಡುಕಿ ಕಳುಹಿಸಿ ಮಲಗಿದರು. ಸಹಿದಾರರು ಹುಡುಕುತ್ತಲೇ ಹೋದರು. ಪ್ರತಿ ದೋಷದ ಕೆಳಗೂ ‘ಬಹುಶಃ ಇದು ನನ್ನ ಮೊಬೈಲಿನ ತಪ್ಪಿರಬಹುದು, ಕ್ಷಮಿಸಿ’ ಎಂದು ಸೇರಿಸಿದರು. ಕಂಪನಿಯು ಆ ಪೈಕಿ ಬಹುಪಾಲನ್ನು ಸರಿಪಡಿಸಿ, ಆ್ಯಪಿನ ಹೊಸ ಆವೃತ್ತಿಯನ್ನು ಬಿಡುಗಡೆ ಮಾಡಿ, ಅಭ್ಯರ್ಥಿಗಳಿಗೆ ‘ಸದ್ಯದಲ್ಲೇ ತಿಳಿಸುತ್ತೇವೆ’ ಎಂದು ಬರೆಯಿತು. ಹೊಸ ಆವೃತ್ತಿ ಚೆನ್ನಾಗಿ ಕೆಲಸ ಮಾಡುತ್ತಿದೆ. ಸಹಿದಾರರ ಮೊಬೈಲಿನಲ್ಲೂ.

೭. ಸುತ್ತುಗಳ ನಡುವಿನ ಕಾಲ.

(ಅ) ಮೇಲ್ ಬಂದಿದೆಯೇ ಎಂದು ನೋಡುವುದನ್ನು ನಿರ್ಬಂಧಿಸಲಾಗಿದೆ. ಮೇಲ್ ಬಾರದೆ ಇರುವುದನ್ನು ನೋಡುವುದಕ್ಕೂ ಇದು ಅನ್ವಯಿಸುತ್ತದೆ.

(ಆ) ಅಕ್ಕನವರ ಫೋನ್ ಬಂದಾಗ ‘ಇನ್ನೊಂದೇ ಸುತ್ತು’ ಎನ್ನತಕ್ಕದ್ದಲ್ಲ. ಈ ಮಾತನ್ನು ಪ್ರತಿ ಸುತ್ತಿನ ನಂತರವೂ ಹೇಳಲಾಗಿ, ‘ಮದುವೆ ಮಾತುಕತೇನೇ ಇದಕ್ಕಿಂತ ಬೇಗ ಮುಗಿಯುತ್ತೆ ಕಣೋ. ಅವರಿಗೆ ಕೆಲಸಕ್ಕೆ ಜನ ಬೇಕಾ, ಮಾತಾಡೋಕೆ ಜನ ಬೇಕಾ?’ ಎಂದು ಅವರು ಕೇಳಿರುವುದು ದಾಖಲಾಗಿದೆ. ‘ಐದು ವರ್ಷ ಆದ್ಮೇಲೆ ಎಲ್ಲಿರ್ತೀಯ ಅಂತ ಕೇಳಿದ್ರು ಅಕ್ಕ’ ಎಂದು ಸಹಿದಾರರು ತಿಳಿಸಿದಾಗ, ‘ಇದೇ ಕುರ್ಚೀಲಿ, ಒಂಬತ್ತನೇ ಸುತ್ತಲ್ಲಿ ಅನ್ಬೇಕಿತ್ತು’ ಎಂದರು.

(ಇ) ಸೈಜು ಅವರು ಅಂಗಡಿಯಲ್ಲಿ ಗಿರಾಕಿಗಳಿಗೆ ‘ಸದ್ಯದಲ್ಲೇ ತಿಳಿಸುತ್ತೇವೆ’ ಎಂದು ಹೇಳಿ ಒಳಗೆ ಹೋಗಿ ಚಪ್ಪಲಿ ತರುವುದನ್ನು ನಿಲ್ಲಿಸತಕ್ಕದ್ದು.

೮. ಆರನೇ ಸುತ್ತಿನ ಘಟನೆ. ಈ ಸುತ್ತೋಲೆ ಹೊರಡಿಸಲು ಇದೇ ಕಾರಣವಾಗಿರುವುದರಿಂದ ವಿವರವಾಗಿ ನಮೂದಿಸಲಾಗಿದೆ.

ಆರನೇ ಸುತ್ತಿಗೆ ಸಹಿದಾರರನ್ನೂ ಸೈಜು ಅವರನ್ನೂ ಒಂದೇ ಬೆಳಗ್ಗೆ, ಒಬ್ಬರ ಹಿಂದೆ ಒಬ್ಬರನ್ನು, ಒಬ್ಬರೇ ಸಂದರ್ಶಕರು ನೋಡುವುದೆಂದು ನಿಗದಿಯಾಗಿತ್ತು. ಲ್ಯಾಪ್‌ಟಾಪ್ ಸಹಿದಾರರದು. ಪರದೆಯಲ್ಲಿ ಮುಖದ ಕೆಳಗೆ ಮೂಡುವ ಹೆಸರೂ ಸಹಿದಾರರದೇ. ಸಹಿದಾರರು ಮಾತು ಮುಗಿಸಿ, ಅಂಗಿ ಬಿಚ್ಚಿ, ಸೈಜು ಅವರಿಗೆ ತೊಡಿಸಿ, ಬೆನ್ನು ತಟ್ಟಿ ಕೂರಿಸಿದರು. ಹೆಸರು ಬದಲಾಯಿಸಲು ಮರೆತರು. ಲ್ಯಾಪ್‌ಟಾಪಿಗೆ ಅಂಟಿಸಲು ‘ಹೆಸರು ಬದಲಾಯಿಸಿ’ ಎಂಬ ಸೂಚನೆಯನ್ನು ಸಹಿದಾರರು ಹಿಂದಿನ ದಿನವೇ ಬರೆದಿದ್ದರು. ಅದು ಆ ಹೊತ್ತಿಗೆ ಅವರ ಪ್ಯಾಂಟಿನ ಜೇಬಿನಲ್ಲಿತ್ತು.

ಟೇಬಲ್ ದೀಪವು ಮುಖಕ್ಕೆ ನೇರವಾಗಿ ಬಡಿಯುವ ಕಾರಣ ಈ ಕೊಠಡಿಯ ಯಾವ ಅಭ್ಯರ್ಥಿಯ ಮುಖವೂ ಪರದೆಯಲ್ಲಿ ಬೇಯಿಸಿದ ಮೊಟ್ಟೆಯಂತೆ ಕಾಣುತ್ತದೆ. ಸಾಲದ್ದಕ್ಕೆ ನೆಟ್ ನಿಧಾನವೆಂದು ಸಂದರ್ಶಕರೇ ಸ್ವಲ್ಪ ಹೊತ್ತಿನಲ್ಲಿ ಕ್ಯಾಮೆರಾ ಆಫ್ ಮಾಡಿಸಿದರು. ಅದೇ ಗೋಡೆ, ಅದೇ ದೀಪ, ಅದೇ ಅಂಗಿ, ಅದೇ ಹೆಸರು. ಅಭ್ಯರ್ಥಿ ನೀರು ಕುಡಿದು ಬಂದಿದ್ದಾರೆಂದು ಅವರು ಭಾವಿಸಿದ್ದರಲ್ಲಿ ತಪ್ಪಿಲ್ಲ. ಆ ಸಲ ‘ನಿಮ್ಮ ಬಗ್ಗೆ ಹೇಳಿ’ ಎಂದು ಕೇಳದೇ ಇದ್ದುದನ್ನು ಸೈಜು ಅವರು ತಮ್ಮ ಪುಣ್ಯವೆಂದುಕೊಂಡರು.

೯. ಆರನೇ ಸುತ್ತಿನ ಫಲಿತಾಂಶ. ಸಹಿದಾರರಿಗೆ ಬಂದ ಮೇಲ್ ಈ ಕೆಳಗಿನಂತಿತ್ತು:

‘ಮೊದಲರ್ಧದಲ್ಲಿ ನೀವು ತುಂಬಾ ಗಾಬರಿಯಾಗಿದ್ದಿರಿ. ಕೇಳದ ಪ್ರಶ್ನೆಗಳಿಗೂ ಉತ್ತರ ಹೇಳಿದಿರಿ. ಬಿಡುವಿನ ನಂತರ ಬೇರೆಯದೇ ವ್ಯಕ್ತಿಯಂತೆ ಕಂಡಿರಿ. ಗೊತ್ತಿಲ್ಲದ ಪ್ರಶ್ನೆಗೆ ಗೊತ್ತಿಲ್ಲ ಎಂದು ನಕ್ಕು ಹೇಳಿದ ನಿಮ್ಮ ಪ್ರಾಮಾಣಿಕತೆ ನಮಗೆ ಬಹಳ ಹಿಡಿಸಿತು. ಒಂದೇ ಸುತ್ತಿನಲ್ಲಿ ಇಷ್ಟು ಬೆಳೆದ ಅಭ್ಯರ್ಥಿಯನ್ನು ನಾವು ಕಂಡಿಲ್ಲ. ಏಳನೆಯ ಹಾಗೂ ಕೊನೆಯ ಸುತ್ತಿಗೆ ನಿಮ್ಮೊಬ್ಬರನ್ನೇ ಆಯ್ಕೆ ಮಾಡಲಾಗಿದೆ. ಅದು ಬರೀ ಔಪಚಾರಿಕ.’

ಇದನ್ನು ಓದಿದ ಕೂಡಲೇ ಸಹಿದಾರರಿಗೆ ಅನುಮಾನ ಬರಬೇಕಿತ್ತು. ಗೊತ್ತಿಲ್ಲ ಎಂಬ ಪದವನ್ನು ಅವರು ಜೀವಮಾನದಲ್ಲಿ ಆಡಿರುವುದಿಲ್ಲ. ದಾರಿ ಕೇಳಿದ ಅಪರಿಚಿತರಿಗೂ ಹಾಗೆನ್ನಲಾಗದೆ, ಜೊತೆಯಲ್ಲೇ ನಡೆದು ಹೋಗಿ, ಕೊನೆಗೆ ಇಬ್ಬರೂ ದಾರಿ ತಪ್ಪಿ ಮೂರನೆಯವರನ್ನು ಕೇಳಿದ ನಿದರ್ಶನವಿದೆ. ಆದರೂ ಅನುಮಾನ ಬರಲಿಲ್ಲ. ತಾವು ನಿಜಕ್ಕೂ ಬೆಳೆದಿರುವುದಾಗಿ ಅವರು ನಂಬಿದರು. ಅಕ್ಕನಿಗೆ ಫೋನ್ ಮಾಡಿ ‘ನಾನು ಬೆಳೆದಿದ್ದೀನಂತೆ ಅಕ್ಕ’ ಎಂದರು. ಆ ಸಂಜೆ ಕಚೇರಿಯಿಂದ ಬರುವಾಗ ಎದೆ ಉಬ್ಬಿಸಿಕೊಂಡು ನಡೆದರು. ಕ್ಲಿಪ್ ಇಲ್ಲದಿದ್ದುದರಿಂದ ಯಾರಿಗೂ ಪೆಟ್ಟಾಗಲಿಲ್ಲ.

ಮರುದಿನ ಸೈಜು ಅವರಿಗೆ ಬಂದ ಮೇಲ್: ‘ಆರನೇ ಸುತ್ತಿಗೆ ನೀವು ಹಾಜರಾಗಲಿಲ್ಲ. ಆದ್ದರಿಂದ ನಿಮ್ಮ ಅರ್ಜಿಯನ್ನು ಮುಕ್ತಾಯಗೊಳಿಸಲಾಗಿದೆ. ನಿಮ್ಮ ಭವಿಷ್ಯಕ್ಕೆ ಶುಭವಾಗಲಿ.’

ಸೈಜು ಅವರು ಮೊಬೈಲನ್ನು ಸಹಿದಾರರ ಮುಂದೆ ಹಿಡಿದು, ‘ಹಾಗಾದ್ರೆ ಅಷ್ಟೊತ್ತು ಅಲ್ಲಿ ಕೂತು ಮಾತಾಡಿದ್ದು ಯಾರೋ?’ ಎಂದು ಕೇಳಿದರು. ಸಹಿದಾರರು ತಮ್ಮ ಮೇಲನ್ನು ಸೈಜು ಅವರ ಮೊಬೈಲಿಗೂ ಕಳುಹಿಸಿ, ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದಾಗ ಉತ್ತರ ಸಿಕ್ಕಿತು.

೧೦. ತರಬೇತಿ. ಸೈಜು ಅವರು ಅಂದು ನಕ್ಕುಬಿಟ್ಟರು. ‘ಬಿಡೋ. ನಿನ್ನ ಹೆಸರು, ನಿನ್ನ ಅಂಗಿ, ನಿನ್ನ ಅಕ್ಕ ಹೊಲಿದಿದ್ದು. ಇಬ್ಬರಲ್ಲಿ ಒಬ್ಬನಿಗೆ ಸಿಕ್ತಲ್ಲ, ಸಾಕು. ನನಗೆ ಅಂಗಡಿ ಇದ್ದೇ ಇದೆ’ ಎಂದರು. ಕಂಪನಿಗೆ ವಿಷಯ ತಿಳಿಸದೇ ಇರುವ ಸಾಧ್ಯತೆಯನ್ನು ಈ ವಿಭಾಗವು ಕೂಲಂಕಷವಾಗಿ ಪರಿಶೀಲಿಸಿದೆ. ಪರಿಶೀಲಿಸಲೇ ಇಲ್ಲವೆಂದು ಬರೆದರೆ ಚೆನ್ನಾಗಿ ಕಾಣುತ್ತಿತ್ತು.

ಏಳನೇ ಸುತ್ತಿನಲ್ಲಿ ಕಂಪನಿಯು ನಗುವ, ಗೊತ್ತಿಲ್ಲವೆನ್ನುವ ಅಭ್ಯರ್ಥಿಯನ್ನು ನಿರೀಕ್ಷಿಸುವುದು ಖಚಿತವಿದ್ದುದರಿಂದ, ಸಹಿದಾರರಿಗೆ ನಗುವುದನ್ನು ಕಲಿಸಲು ಸೈಜು ಅವರೇ ಮುಂದೆ ಬಂದರು. ತರಬೇತಿಯ ನಡಾವಳಿ:

‘ಗೊತ್ತಿಲ್ಲ ಅನ್ನು ನೋಡೋಣ.’

‘ಗೊತ್ತಿಲ್ಲ ಅಂತಲ್ಲ ಸರ್, ಸ್ವಲ್ಪ ಗೊತ್ತು, ಆದರೆ...’

‘ನಿಲ್ಲಿಸು. ಆದರೆ ಎಲ್ಲಿಂದ ಬಂತು? ಗೊತ್ತಿಲ್ಲ. ಅಷ್ಟೇ. ಅಂಗಡೀಲಿ ನಿನ್ನ ಸೈಜು ಇಲ್ಲ ಅಂದ್ರೆ ಇಲ್ಲ ಅಂತೀನಿ. ಕಾಲು ಕುಯ್ಕೊಂಡು ಬನ್ನಿ ಅಂತೀನಾ?’

‘ಗೊತ್ತಿಲ್ಲ.’

‘ಹಾಂ. ಈಗ ನಗ್ತಾ ಹೇಳು.’

ಸಹಿದಾರರು ನಕ್ಕರು. ಡ್ಯೂಟಿ ಅವರು ಹೊದಿಕೆಯಿಂದ ಮುಖ ಹೊರಗೆ ಹಾಕಿ, ‘ಯಾವ ಹಲ್ಲು ನೋವು?’ ಎಂದು ವಿಚಾರಿಸಿದರು.

ಸೈಜು ಅವರು ಬೇಸರಿಸಲಿಲ್ಲ. ಗಿರಾಕಿಯ ಮುಂದೆ ಕೂರುವಂತೆಯೇ ಸಹಿದಾರರ ಕುರ್ಚಿಯ ಮುಂದೆ ಕುಕ್ಕರಗಾಲಿನಲ್ಲಿ ಕೂತು, ಮುಖ ಮೇಲೆತ್ತಿ, ‘ನನ್ನ ನೋಡು, ಹೀಗೆ’ ಎಂದು ಮತ್ತೆ ಮತ್ತೆ ನಕ್ಕು ತೋರಿಸಿದರು. ಕೂರುವಾಗ ಅವರ ಮಂಡಿಗಳು ಸದ್ದು ಮಾಡಿದವು. ಏಳುವಾಗಲೂ ಮಾಡಿದವು. ತರಬೇತಿಯನ್ನು ಅಲ್ಲಿಗೆ ಮುಕ್ತಾಯಗೊಳಿಸಲಾಯಿತು.

ಅವರು ನೀರು ತರಲು ಹೋದಾಗ ಡ್ಯೂಟಿ ಅವರು ಮಲಗಿದಲ್ಲಿಂದಲೇ ನೀಡಿದ ಹೇಳಿಕೆ: ‘ಸರ್ಕ್ಯುಲರ್, ಅವನು ಬಾಯಲ್ಲಿ ಬಿಡು ಬಿಡು ಅಂತಾನೆ. ನಿನ್ನೆ ನಾನು ಡ್ಯೂಟಿಗೆ ಹೊರಟಾಗ ಮೆಟ್ಟಿಲ ಮೇಲೆ ಕೂತು ಆ ಮೇಲ್ ಓದ್ತಿದ್ದ. ಬೆಳಗ್ಗೆ ಬಂದಾಗಲೂ ಅದನ್ನೇ ಓದ್ತಿದ್ದ. ನಿನ್ನದು ಕಣೋ. ನಿನ್ನ ಮೇಲನ್ನ ಓದ್ತಿದ್ದ.’

೧೧. ಕಂಪನಿಯೊಡನೆ ಪತ್ರ ವ್ಯವಹಾರ. ಸಹಿದಾರರು ಅದೇ ಮಧ್ಯಾಹ್ನ ಕಂಪನಿಗೆ ಮೇಲ್ ಬರೆದರು. ಮೊದಲ ಕರಡಿನಲ್ಲಿ ದೀಪದ ಬೆಳಕು, ಅಂಗಿಯ ಇತಿಹಾಸ, ಸಂಜೆ ತರಗತಿಯ ಬೆಂಚು ಇತ್ಯಾದಿಗಳಿದ್ದು, ಅದು ಉದ್ದವಾಯಿತೆಂದು ಡ್ಯೂಟಿ ಅವರು ಅಳಿಸಿದರು. ಕೊನೆಗೆ ಉಳಿದದ್ದು: ‘ಎರಡನೇ ಅರ್ಧದಲ್ಲಿ ಮಾತಾಡಿದ್ದು ನಾನಲ್ಲ, ನನ್ನ ಗೆಳೆಯ. ಲ್ಯಾಪ್‌ಟಾಪಿನಲ್ಲಿ ಹೆಸರು ಬದಲಾಯಿಸಲು ಮರೆತವನು ನಾನು. ಅವನು ಹಾಜರಿದ್ದ. ನೀವು ಮೆಚ್ಚಿದ್ದು ಅವನನ್ನು.’ ಕೆಳಗೆ ‘ಬಹುಶಃ ನನ್ನದೇ ತಪ್ಪಿರಬಹುದು’ ಎಂದು ಸೇರಿಸಲಾಗಿದ್ದು, ಜೀವನದಲ್ಲಿ ಮೊದಲ ಬಾರಿಗೆ ಅದು ನಿಜವಾಗಿತ್ತು.

ಕಳುಹಿಸುವ ಗುಂಡಿ ಒತ್ತುವ ಮೊದಲು ಸಹಿದಾರರು ವಿಳಾಸವನ್ನು ಮತ್ತೆ ಮತ್ತೆ ಓದಿ ನೋಡಿರುತ್ತಾರೆ. ಟಪಾಲು ವಿಭಾಗದಲ್ಲಿ ಇಷ್ಟು ವರ್ಷ ಎಷ್ಟೋ ಜನರ ಹಣೆಬರಹವನ್ನು ರವಾನೆ ಮಾಡಿದವರಿಗೆ ತಮ್ಮದೊಂದನ್ನು ರವಾನಿಸುವುದು ಇಷ್ಟು ಕಷ್ಟವಾದುದು ಈ ವಿಭಾಗಕ್ಕೆ ಆಶ್ಚರ್ಯ ತಂದಿದೆ.

‘ಸದ್ಯದಲ್ಲೇ ತಿಳಿಸುತ್ತೇವೆ’ ಎಂಬ ಮೇಲ್ ಕೂಡಲೇ ಬಂತು. ಅದರ ಹಿಂದೆಯೇ ಇನ್ನೊಂದು: ‘ನಿಮ್ಮ ಪಾರದರ್ಶಕತೆಗೆ ಧನ್ಯವಾದಗಳು. ಒಟ್ಟಿಗೆ ಬೆರೆತುಹೋದ ಅಭಿಪ್ರಾಯಗಳಲ್ಲಿ ಯಾವುದು ಯಾರಿಗೆ ಸಂಬಂಧಿಸಿದ್ದು ಎಂದು ಬೇರ್ಪಡಿಸಲು ಹೆಚ್ಚುವರಿ ಎಂಟನೇ ಸುತ್ತನ್ನು ಏರ್ಪಡಿಸಲಾಗಿದೆ. ಅದು ಏಳನೇ ಸುತ್ತಿಗಿಂತ ಮೊದಲು ನಡೆಯುತ್ತದೆ. ಇಬ್ಬರೂ ಒಂದೇ ಹೊತ್ತಿಗೆ, ಒಂದೇ ಪರದೆಯ ಮುಂದೆ ಹಾಜರಾಗಬೇಕು. ದಯವಿಟ್ಟು ಇಬ್ಬರೂ ಬೇರೆ ಬೇರೆಯಾಗಿ ಕಾಣುವಂತೆ ನೋಡಿಕೊಳ್ಳಿ.’

‘ಬರೀ ಔಪಚಾರಿಕ ಅಂದಿದ್ರು. ಬಾಯಿ ಮುಚ್ಕೊಂಡಿದ್ರೆ ಒಂದೇ ಸುತ್ತು ಬಾಕಿ ಇತ್ತು, ಈಗ ಎರಡು’ ಎಂದು ಡ್ಯೂಟಿ ಅವರು ಲೆಕ್ಕ ಹೇಳಿ ಮಗ್ಗುಲು ಬದಲಾಯಿಸಿದರು. ಸೈಜು ಅವರು ಹೊರಗೆ ಹೋಗಿ ಮೆಟ್ಟಿಲ ಮೇಲೆ ಕೂತರು. ಸ್ವಲ್ಪ ಹೊತ್ತಿನ ನಂತರ ಒಳಗೆ ಬಂದು ಸಹಿದಾರರ ಪಾದ ನೋಡಿ, ‘ಏಳನೇ ಸೈಜು ನಿಂದು. ಎಂಟು ಹಾಕ್ಕೊಂಡು ಓಡಾಡ್ತಿದ್ದೀಯ ಇಷ್ಟು ದಿನ’ ಎಂದರು. ಇದನ್ನು ಕೃತಜ್ಞತೆ ಎಂದು ಪರಿಗಣಿಸಲಾಗಿದೆ.

೧೨. ಅಂಗಿಯ ಅಂತಿಮ ವಿಲೇವಾರಿ. ಇಬ್ಬರು ಅಭ್ಯರ್ಥಿಗಳು ಒಂದೇ ಹೊತ್ತಿಗೆ ಒಂದೇ ಅಂಗಿಯನ್ನು ತೊಡುವ ಸಾಧ್ಯತೆಯನ್ನು ಪರಿಶೀಲಿಸಿ ಕೈಬಿಡಲಾಗಿದೆ. ಆದ್ದರಿಂದ ವಿಷಯವನ್ನು ಅಂಗಿ ಹೊಲಿದ ಪ್ರಾಧಿಕಾರದ, ಅಂದರೆ ಅಕ್ಕನವರ ಮುಂದೆ ಮಂಡಿಸಲಾಯಿತು.

ಅಕ್ಕ: ‘ತಲೆ ನೆಟ್ಟಗಿದ್ಯಾ ನಿಂಗೆ? ಕೈಗೆ ಬಂದಿದ್ದನ್ನ ವಾಪಸ್ ಕಳಿಸಿದ್ಯಾ? ಟಪಾಲಿನವನು ಅಂತ ಎಲ್ಲಾ ವಾಪಸ್ ಕಳಿಸೋದೇನಾ? ವರ್ಷದ ಕೊನೆಗೆ ಏನು ಮಾಡ್ತೀಯ?’

ಸಹಿದಾರರು: ‘ಗೊತ್ತಿಲ್ಲ ಅಕ್ಕ.’

ಈ ಪದವನ್ನು ಅವರು ಯಾವ ತರಬೇತಿಯೂ ಇಲ್ಲದೆ, ಹಿಂದೆ ಮುಂದೆ ಏನನ್ನೂ ಸೇರಿಸದೆ ಆಡಿರುವುದನ್ನು ನಮೂದಿಸಿಕೊಳ್ಳಲಾಗಿದೆ. ನಗು ಬರಲಿಲ್ಲ.

ಅಕ್ಕನವರ ಕಡೆ ಹೊಲಿಗೆ ಯಂತ್ರದ ಸದ್ದು ಬಹಳ ಹೊತ್ತು ಕೇಳುತ್ತಿತ್ತು. ಫೋನ್ ಇಟ್ಟಿರಬಹುದೆಂದು ಸಹಿದಾರರು ಎರಡು ಸಲ ‘ಅಕ್ಕಾ’ ಎಂದರು. ಆಮೇಲೆ ಯಂತ್ರ ನಿಂತಿತು.

ಅಕ್ಕ: ‘ಆ ಹುಡುಗನಿಗೆ ಭುಜ ಬಿಗಿ ಅಂದಿದ್ಯಲ್ಲ.’

ಸಹಿದಾರರು: ‘ಹೂಂ.’

ಅಕ್ಕ: ‘ನಾನು ಹೊಲಿಯುವಾಗ ಒಳಗಡೆ ಬಟ್ಟೆ ಬಿಟ್ಟಿರ್ತೀನಿ. ನೀನು ಇನ್ನಷ್ಟು ಮೈ ತುಂಬ್ಕೊಂಡ್ರೆ ಬೇಕಾಗುತ್ತೆ ಅಂತ ಬಿಟ್ಟಿದ್ದೆ. ಹೊಲಿಗೆ ಬಿಚ್ಚಿ ಅಂಚಿನ ಹತ್ರ ಹಾಕಿದ್ರೆ ಅವನಿಗೆ ಆಗುತ್ತೆ. ಬ್ಲೇಡಲ್ಲಿ ಬಿಚ್ಚು, ಕತ್ತರಿ ಹಾಕ್ಬೇಡ. ನಿಂಗೆ ಸೂಜಿ ಹಿಡಿಯೋಕೆ ಬರಲ್ಲ, ಆ ನರ್ಸ್ ಹತ್ರ ಹೊಲಿಸು. ಅವನಿಗೆ ಹೊಲಿಗೆ ಬರುತ್ತಲ್ಲ, ಮನುಷ್ಯರಿಗೇ ಹಾಕೋದು ನೋಡಿರ್ತಾನೆ.’

ಅದರಂತೆ ಡ್ಯೂಟಿ ಅವರು ತಮ್ಮ ನಿದ್ದೆಯ ಸಮಯದಲ್ಲಿ ಎದ್ದು ಕೂತು, ಎರಡೂ ಭುಜಗಳಿಗೆ ಹೊಲಿಗೆ ಹಾಕಿರುತ್ತಾರೆ. ‘ಗಾಯ ವಾಸಿಯಾಗುವವರೆಗೆ ನೀರು ಸೋಕಿಸಬಾರದು’ ಎಂದು ಅಭ್ಯಾಸಬಲದಿಂದ ಹೇಳಿರುತ್ತಾರೆ. ಆದರೂ ಅಂಗಿಯನ್ನು ಒಗೆದು ಒಣಗಿಸಲಾಗಿದೆ. ಸೈಜು ಅವರು ಅದನ್ನು ತೊಟ್ಟು ಎರಡೂ ಕೈಗಳನ್ನು ಮೇಲೆತ್ತಿ ಇಳಿಸಿದರು. ಎಲ್ಲೂ ಹಿಡಿಯಲಿಲ್ಲ.

ಆದೇಶ:

ಮೇಲಿನ ಎಲ್ಲ ಅಂಶಗಳ ಹಿನ್ನೆಲೆಯಲ್ಲಿ, ಎಂಟನೇ ಸುತ್ತಿಗೆ ನೀಲಿ ಅಂಗಿಯನ್ನು ಸೈಜು ಅವರು ತೊಡತಕ್ಕದ್ದು. ಸಹಿದಾರರು ತಮ್ಮ ಕಚೇರಿಯ ಗೀಟು ಗೀಟಿನ ಅಂಗಿಯಲ್ಲಿ, ತೋಳಿನ ಮೇಲಿನ ಗೋಂದಿನ ಕಲೆ ಸಮೇತ, ಪಕ್ಕದ ಕುರ್ಚಿಯಲ್ಲಿ ಹಾಜರಾಗತಕ್ಕದ್ದು. ಕಂಪನಿಯು ಇಬ್ಬರಲ್ಲಿ ಯಾರನ್ನು ಆರಿಸಿದರೂ, ಇಬ್ಬರನ್ನೂ ಬಿಟ್ಟರೂ, ಅಂದಿನ ಅಡುಗೆ ಸರದಿಯಲ್ಲಿ ಯಾವ ಬದಲಾವಣೆಯೂ ಇರುವುದಿಲ್ಲ. ಅಂದು ಸಹಿದಾರರ ಸರದಿ. ಎಂಟನೇ ಸುತ್ತಿನ ನಂತರ ಒಂಬತ್ತನೆಯದು ಇದೆಯೇ ಎಂಬ ಪ್ರಶ್ನೆಗೆ ಈ ವಿಭಾಗದ ಉತ್ತರ: ಗೊತ್ತಿಲ್ಲ.

ಅಂಗಿಯು ಈಗ ಸಹಿದಾರರಿಗೆ ಎಷ್ಟು ಕ್ಲಿಪ್ ಸಿಕ್ಕಿಸಿದರೂ ಕೂರುವುದಿಲ್ಲ. ಆದ್ದರಿಂದ ಇನ್ನು ಮುಂದೆ ಅದಕ್ಕೆ ಸರದಿ ಇರುವುದಿಲ್ಲ. ಈ ಸುತ್ತೋಲೆಯೊಂದಿಗೆ ಅಂಗಿಗೆ ಸಂಬಂಧಿಸಿದ ಹಿಂದಿನ ಎಲ್ಲ ಸುತ್ತೋಲೆಗಳನ್ನು ರದ್ದುಪಡಿಸಲಾಗಿದೆ. ಬಿಸಿ ಪಾತ್ರೆಯ ಅಡಿಯಲ್ಲಿರುವುದನ್ನು ಅಲ್ಲೇ ಮುಂದುವರಿಸಬಹುದು.

(ಸಹಿ)
ಸರ್ಕ್ಯುಲರ್
ಟಪಾಲು ಗುಮಾಸ್ತರು (ವರ್ಷದ ಕೊನೆಯವರೆಗೆ) ಹಾಗೂ
ಪ್ರಭಾರಿ, ಕೊಠಡಿ ಆಡಳಿತ ವಿಭಾಗ

ಪ್ರತಿಗಳು:
೧) ಸೈಜು ಅವರಿಗೆ, ಅಂಗಿ ಸಮೇತ. ಈ ಬಾರಿ ಬೆನ್ನಿಗೂ ಇಸ್ತ್ರಿ ಮಾಡಲಾಗಿದೆ.
೨) ಡ್ಯೂಟಿ ಅವರಿಗೆ, ನಿದ್ದೆಯಿಂದ ಎಬ್ಬಿಸದೆ, ದಿಂಬಿನ ಕೆಳಗೆ. ಎಂಟನೇ ಸುತ್ತಿನ ದಿನ ಪರದೆಯೊಳಗೆ ಎದ್ದು ನಿಲ್ಲಲು ಅನುಮತಿ ಇದೆ.
೩) ಅಕ್ಕನವರಿಗೆ, ಫೋನಿನಲ್ಲಿ ಓದಿ ಹೇಳಲಾಗುವುದು. ಹನ್ನೆರಡನೇ ನಿಯಮ ಬಂದಾಗ ನಿಧಾನವಾಗಿ.
೪) ಕಂಪನಿಗೆ: ಕಳುಹಿಸಿಲ್ಲ. ಕಳುಹಿಸಿದಲ್ಲಿ ಇದನ್ನು ಚರ್ಚಿಸಲು ಒಂದು ಸುತ್ತು ಏರ್ಪಡಿಸುವ ಸಂಭವವಿದೆ.
೫) ಲ್ಯಾಪ್‌ಟಾಪಿನ ಮುಚ್ಚಳಕ್ಕೆ, ‘ಹೆಸರು ಬದಲಾಯಿಸಿ’ ಎಂಬ ಹಳೆಯ ಸೂಚನೆಯ ಬದಲು: ‘ಎರಡೂ ಹೆಸರು ಬರೆಯಿರಿ.’
೬) ಬಟ್ಟೆ ಒಣಗಿಸುವ ಹಗ್ಗಕ್ಕೆ: ಕ್ಲಿಪ್ಪುಗಳನ್ನು ಹಿಂದಿರುಗಿಸಲಾಗಿದೆ.